ಕಣ್ಣೊಳಗನ್ನು ಕಂಡ ಹೆಲ್ಮ್‌ಹೋಲ್ಟ್ಸ್

ಚಾಳೀಸು ಎಂಬ ಮಾತು ಮರಾಠಿ, ಹಿಂದಿಗಳ ಕಡೆಯಿಂದ ನಮಗೆ ಬಂದದ್ದು. ಅಲ್ಲಿ ಅದರ ಅರ್ಥ ನಲವತ್ತು. ನಮ್ಮಲ್ಲಿ ಅದು ನಲವತ್ತು ದಾಟಿದವರ ಕಣ್ಣಿನ ಕುಂದಿಗೂ, ಆ ಕುಂದನ್ನು ತುಂಬುವ ಕನ್ನಡಕಕ್ಕೂ ಹೆಸರಾಗಿ ನಿಂತಿತು. ಎರವಲು ಬಂದ ಮಾತೊಂದು ಮನೆಯ ಮಾತಾಗುವಾಗ ಬೇರೊಂದು ಅರ್ಥವನ್ನು ಹೀಗೆ ಗಳಿಸಿಕೊಳ್ಳುವುದನ್ನು ನಾನು ತರಗತಿಯಲ್ಲಿ ಎಷ್ಟೋ ವರ್ಷಗಳಿಂದ ಉದಾಹರಣೆಯಾಗಿ ಹೇಳುತ್ತ ಬಂದಿದ್ದೇನೆ. ಆ ಉದಾಹರಣೆಯೇ ಒಂದು ದಿನ ನನ್ನ ಮೈಗೆ ಬಂದು ಅಂಟಿಕೊಂಡಿತು. ಪಂಪನ ಪದ್ಯವೊಂದನ್ನು ಓದುತ್ತಿದ್ದಾಗ ಅಕ್ಷರಗಳು ಮಸುಕಾದುವು. ಪುಸ್ತಕವನ್ನು ತೋಳಿನಳತೆಗೆ ಚಾಚಿ ಹಿಡಿದೆ. ಮುಂದಿನ ಬೆಂಚಿನವರು ಬಾಯಿಗೆ ಕೈಯಿಟ್ಟುಕೊಂಡು ನಕ್ಕರು. ಮರುದಿನವೇ ಕಣ್ಣಿನ ವೈದ್ಯರಲ್ಲಿಗೆ ಹೋದೆ.

ಆಕೆ ಕಣ್ಣಿಗೆ ಹನಿ ಹಾಕಿ, ಪಾಪೆ ಅರಳುವವರೆಗೆ ಕಾಯಿಸಿ, ಕೋಣೆಯನ್ನು ಕತ್ತಲು ಮಾಡಿದರು. ಕೈಯಲ್ಲಿ ಹಿಡಿಯುವ ಸಣ್ಣ ದೀಪದ ಉಪಕರಣವೊಂದನ್ನು ತಮ್ಮ ಕಣ್ಣಿಗಿಟ್ಟುಕೊಂಡು, ಉಸಿರು ತಾಕುವಷ್ಟು ಹತ್ತಿರ ಬಾಗಿ ಬಹಳ ಹೊತ್ತು ನೋಡಿದರು. ಬಳಿಕ ಕನ್ನಡಕದ ಮಾತನ್ನೇ ಎತ್ತದೆ, ನಾನು ರಕ್ತದೊತ್ತಡವನ್ನು ಕಡೆಯ ಬಾರಿ ನೋಡಿಸಿಕೊಂಡದ್ದು ಯಾವಾಗ ಎಂದು ಕೇಳಿದರು. ಎಂದೂ ನೋಡಿಸಿಕೊಂಡಿರಲಿಲ್ಲ. ತಲೆನೋವಿಲ್ಲ, ಎದೆನೋವಿಲ್ಲ, ನೋಡಿಸುವುದೇಕೆ? ಅಲ್ಲಿಯೇ ತೋಳಿಗೆ ಪಟ್ಟಿ ಸುತ್ತಿ ಅಳೆದರು: ಮೇಲಿನದು 180, ಕೆಳಗಿನದು 110. ಕಣ್ಣಿನ ಒಳಗೋಡೆಯಲ್ಲಿ ಅಪಧಮನಿಗಳು ಸೊರಗಿವೆ, ಅವು ಅಭಿಧಮನಿಗಳನ್ನು ಹಾಯುವೆಡೆಯಲ್ಲಿ ಅವನ್ನು ಅದುಮುತ್ತಿವೆ, ಎರಡು ಕಡೆ ರಕ್ತ ಚಿಮ್ಮಿ ಕಲೆಯಾಗಿದೆ ಎಂದು ತಿಳಿಸಿದರು. ಚಾಳೀಸಿಗೆಂದು ಹೋದವನು ಗುಳಿಗೆಗಳ ಚೀಟಿ ಹಿಡಿದು ಮನೆಗೆ ಬಂದೆ.

ನನ್ನ ಮೈಯೊಳಗಿನದು ನನಗೇ ತಿಳಿಯದಿದ್ದಾಗ ಇನ್ನೊಬ್ಬರಿಗೆ ಕಂಡದ್ದು ಹೇಗೆ? ಈ ಪ್ರಶ್ನೆಯೇ ನನ್ನನ್ನು ಹರ್ಮನ್ ಹೆಲ್ಮ್‌ಹೋಲ್ಟ್ಸನ ಬಳಿಗೆ ಕರೆದೊಯ್ದಿತು. ಆ ಹೆಸರನ್ನು ಹಿಂದೆ ನಾದದ ವಿಚಾರವಾಗಿ ಓದಿದ್ದೆ. ಅದೇ ಮನುಷ್ಯನು ಕಣ್ಣಿನ ಕದವನ್ನೂ ತೆರೆದವನೆಂಬುದನ್ನು ಅರಿತಿರಲಿಲ್ಲ.

ಅವನು ಹುಟ್ಟಿದ್ದು 1821ರ ಆಗಸ್ಟ್ 31ರಂದು, ಪ್ರಷ್ಯದ ಪಾಟ್ಸ್‌ಡಮ್ ಪಟ್ಟಣದಲ್ಲಿ. ತಂದೆ ಅಲ್ಲಿಯ ಪ್ರೌಢಶಾಲೆಯಲ್ಲಿ ಭಾಷೆ, ತತ್ತ್ವಶಾಸ್ತ್ರಗಳನ್ನು ಕಲಿಸುತ್ತಿದ್ದ ಉಪಾಧ್ಯಾಯ. ಕಾವ್ಯದಲ್ಲಿ ಒಲವುಳ್ಳವನು, ಸಂಬಳ ಸಾಲದವನು. ಈ ಎರಡು ಗುಣಗಳೂ ನಮ್ಮ ವೃತ್ತಿಯವರಿಗೆ ಹೊಸವಲ್ಲ. ಹರ್ಮನ್ ಹಿರಿಯ ಮಗ. ಏಳು ವರ್ಷದವರೆಗೆ ಸದಾ ಕಾಯಿಲೆ. ಹಾಸಿಗೆಯಲ್ಲಿ ಮರದ ತುಂಡುಗಳನ್ನು ಜೋಡಿಸಿ ಆಡುತ್ತಿದ್ದ ಹುಡುಗನು, ಶಾಲೆಯಲ್ಲಿ ರೇಖಾಗಣಿತದ ಪಾಠ ಬಂದಾಗ ಅದೆಲ್ಲವೂ ತನಗೆ ಮೊದಲೇ ಗೊತ್ತೆಂದು ಉಪಾಧ್ಯಾಯರನ್ನು ಬೆರಗುಗೊಳಿಸಿದನಂತೆ. ಆದರೆ ಬಿಡಿಬಿಡಿಯಾದ ಸಂಗತಿಗಳನ್ನು ನೆನಪಿಡುವುದು ಅವನಿಂದಾಗುತ್ತಿರಲಿಲ್ಲ. ಎಡಗೈ ಬಲಗೈಗಳನ್ನು ಗುರುತಿಸುವುದೂ ಅವನಿಗೆ ಕಷ್ಟವಾಗಿತ್ತು. ವ್ಯಾಕರಣದ ಅಪವಾದಗಳಂತೂ ಶೂಲ. ಪದ್ಯವಾದರೆ ಮಾತ್ರ ಛಂದಸ್ಸಿನ ಆಸರೆಯಿಂದ ನಿಲ್ಲುತ್ತಿತ್ತು. ತರಗತಿಯಲ್ಲಿ ಸಿಸೆರೊನನ್ನೋ ವರ್ಜಿಲನನ್ನೋ ಓದುತ್ತಿರುವಾಗ, ಈ ಹುಡುಗ ಮೇಜಿನ ಕೆಳಗೆ ಕಾಗದವಿಟ್ಟುಕೊಂಡು ದೂರದರ್ಶಕದ ಮಸೂರಗಳಲ್ಲಿ ಬೆಳಕಿನ ಕಿರಣಗಳು ಸಾಗುವ ದಾರಿಯನ್ನು ಲೆಕ್ಕ ಹಾಕುತ್ತಿದ್ದನು. ಸಾಹಿತ್ಯ ಕಲಿಸುವ ನನಗೆ ಈ ಸಂಗತಿಯಿಂದ ಸ್ವಲ್ಪ ನೋವಾಗಬೇಕು. ಆದರೆ ನನ್ನ ಕಣ್ಣನ್ನು ಕಾಪಾಡಿದ್ದು ಆ ಮೇಜಿನ ಕೆಳಗಿನ ಕಾಗದವೇ ಆದ್ದರಿಂದ ದೂರುವಂತಿಲ್ಲ.

ಭೌತಶಾಸ್ತ್ರ ಓದಬೇಕೆಂಬುದು ಅವನ ಆಸೆ. ಓದಿಸುವ ಶಕ್ತಿ ತಂದೆಗಿರಲಿಲ್ಲ. ಬರ್ಲಿನ್ನಿನಲ್ಲಿ ಸೈನ್ಯದ ವೈದ್ಯರನ್ನು ತಯಾರು ಮಾಡುವ ಸಂಸ್ಥೆಯೊಂದಿದ್ದಿತು. ಅಲ್ಲಿ ವಿದ್ಯೆ ಉಚಿತ; ಪ್ರತಿಯಾಗಿ ಎಂಟು ವರ್ಷ ಸೈನ್ಯದಲ್ಲಿ ದುಡಿಯಬೇಕು. 1838ರಲ್ಲಿ ಅವನು ಅಲ್ಲಿಗೆ ಸೇರಿದನು. ಶರೀರಕ್ರಿಯಾಶಾಸ್ತ್ರದಲ್ಲಿ ಯೂರೋಪಿಗೇ ಹೆಸರಾಗಿದ್ದ ಯೋಹಾನ್ನೆಸ್ ಮ್ಯುಲ್ಲರ್ ಗುರುವಾಗಿ ದೊರೆತನು. ಓದುತ್ತಿದ್ದಾಗಲೇ ಸನ್ನಿಪಾತ ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ವಿದ್ಯಾರ್ಥಿಯಾದ್ದರಿಂದ ಶುಶ್ರೂಷೆಗೆ ಖರ್ಚಿಲ್ಲ. ಗುಣವಾಗಿ ಎದ್ದಾಗ ಕೈಯಲ್ಲಿ ಸ್ವಲ್ಪ ಹಣ ಉಳಿದಿತ್ತು. ಆ ಹಣದಲ್ಲಿ ಒಂದು ಸೂಕ್ಷ್ಮದರ್ಶಕವನ್ನು ಕೊಂಡನು. 1842ರಲ್ಲಿ ಪದವಿಗೆ ಬರೆದ ಪ್ರಬಂಧವು ಆ ಜ್ವರದ ಉಳಿತಾಯದ ಫಲ.

ಪಾಟ್ಸ್‌ಡಮ್ಮಿನ ದಂಡಿನಲ್ಲಿ ವೈದ್ಯನಾಗಿದ್ದಾಗಲೇ, 1847ರಲ್ಲಿ, ಶಕ್ತಿಯು ರೂಪ ಬದಲಿಸಬಹುದೇ ಹೊರತು ಅಳಿಯದು ಎಂಬುದನ್ನು ಗಣಿತದಿಂದ ಸ್ಥಾಪಿಸಿದ ಪ್ರಬಂಧವನ್ನು ಅವನು ಬರೆದನು. ಆಗ ಅವನಿಗೆ 26 ತುಂಬಿರಲಿಲ್ಲ. ಪ್ರಸಿದ್ಧ ಪತ್ರಿಕೆಯೊಂದು ಅದನ್ನು ಅಚ್ಚು ಹಾಕಲು ಒಪ್ಪದೆ ಹೋಗಿ, ಬೇರೆ ಕಿರುಹೊತ್ತಗೆಯಾಗಿ ಹೊರಬಂದಿತು. ಇಂದು ಭೌತಶಾಸ್ತ್ರದ ಚರಿತ್ರೆಯಲ್ಲಿ ಆ ಹೊತ್ತಗೆಗೆ ಇರುವ ಸ್ಥಾನ ಬಲ್ಲವರಿಗೆ ಗೊತ್ತು. ಅದರ ವಿವರಣೆ ನನ್ನ ಅಳವಿಗೆ ಮೀರಿದ್ದು. ಹಿರಿಯ ವಿದ್ವಾಂಸ ಅಲೆಕ್ಸಾಂಡರ್ ಹಂಬೋಲ್ಟನ ಮಾತಿನ ಬಲದಿಂದ ಸೈನ್ಯದ ಋಣ ಬೇಗನೆ ಹರಿಯಿತು. 1849ರಲ್ಲಿ ಅವನು ಓಲ್ಗಾ ಎಂಬವಳನ್ನು ಮದುವೆಯಾಗಿ ಕೋನಿಗ್ಸ್‌ಬರ್ಗಿಗೆ ಪ್ರಾಧ್ಯಾಪಕನಾಗಿ ಹೋದನು. ಕಾಂಟನು ಬಾಳಿದ ಊರದು. ಇಂದು ರಷ್ಯಕ್ಕೆ ಸೇರಿ ಕಲಿನಿನ್‌ಗ್ರಾಡ್ ಎನಿಸಿಕೊಂಡಿದೆ. ಅಲ್ಲಿ ಮೊದಲ ವರ್ಷವೇ ಕಪ್ಪೆಯ ನರದಲ್ಲಿ ಸಂದೇಶ ಹರಿಯುವ ವೇಗವನ್ನು ಅಳೆದನು. ಅದನ್ನು ಅಳೆಯಲಾಗದೆಂಬುದು ಗುರು ಮ್ಯುಲ್ಲರನ ಅಭಿಪ್ರಾಯವಾಗಿತ್ತು. ಶಿಷ್ಯನಿಗೆ ಸಿಕ್ಕ ಲೆಕ್ಕ ಸೆಕೆಂಡಿಗೆ ಸುಮಾರು 27 ಮೀಟರು. ಪ್ರಯೋಗದ ಅಂಕಿಗಳನ್ನು ಬರೆದುಕೊಳ್ಳಲು ಪಕ್ಕದಲ್ಲಿ ಕುಳಿತವಳು ಓಲ್ಗಾ.

ಇನ್ನು ಕಣ್ಣಿನ ವಿಚಾರ. ಕಣ್ಣಿನ ನಡುವಣ ಕಪ್ಪನ್ನು ನಾವು ಪಾಪೆ ಎನ್ನುತ್ತೇವೆ, ಪಾಪೆಯೆಂದರೆ ಬೊಂಬೆ. ಎದುರಿಗಿರುವವರ ಕಣ್ಣಲ್ಲಿ ಇಣುಕಿದರೆ ಕಾಣುವುದು ನಮ್ಮದೇ ಪುಟ್ಟ ರೂಪ. ಈ ಹೆಸರನ್ನು ಕೊಟ್ಟ ನಮ್ಮ ಹಿರಿಯರು ಚೆನ್ನಾಗಿಯೇ ನೋಡಿದ್ದರು. ಆದರೆ ಆ ರೂಪದ ಹಿಂದೆ ಅಷ್ಟು ಕಪ್ಪೇಕೆ? ಬೆಳಕು ಒಳಗೆ ಹೋಗುತ್ತದೆ. ಹೋದದ್ದರಲ್ಲಿ ಸ್ವಲ್ಪವಾದರೂ ಹಿಂದಿರುಗಬೇಕು. ಒಳಗೆ ಹೋದ ಬೆಳಕೆಲ್ಲ ಹೀರಿಹೋಗುವುದೆಂದು ಹಲವರು ನಂಬಿದ್ದರು. ಬೆಕ್ಕಿನ ಕಣ್ಣು ಕತ್ತಲಲ್ಲಿ ಹೊಳೆಯುವುದನ್ನು ಕಂಡು, ಮನುಷ್ಯನ ಕಣ್ಣೂ ಹಾಗೆ ಹೊಳೆಯುವಂತೆ ಮಾಡಬಹುದೆಂದು ಹೆಲ್ಮ್‌ಹೋಲ್ಟ್ಸನ ಗೆಳೆಯ ಬ್ರ್ಯುಕೆ ತೋರಿಸಿದ್ದನು. ಅವನು ನಿಂತದ್ದು ಅಷ್ಟಕ್ಕೇ. ಇಂಗ್ಲೆಂಡಿನಲ್ಲಿ, ಲೆಕ್ಕದ ಯಂತ್ರಕ್ಕೆ ಹೆಸರಾದ ಚಾರ್ಲ್ಸ್ ಬ್ಯಾಬೇಜನು 1847ರ ಸುಮಾರಿಗೆ ಒಂದು ಉಪಕರಣವನ್ನು ಮಾಡಿ ಕಣ್ಣಿನ ವೈದ್ಯನೊಬ್ಬನಿಗೆ ತೋರಿಸಿದ್ದನು. ಆ ವೈದ್ಯನು ಅದನ್ನು ಮುಂದುವರಿಸಲಿಲ್ಲ.

1850ರ ಚಳಿಗಾಲದಲ್ಲಿ ಹೆಲ್ಮ್‌ಹೋಲ್ಟ್ಸನು ವಿದ್ಯಾರ್ಥಿಗಳಿಗೆ ಈ ಹೊಳೆಯುವ ಕಣ್ಣಿನ ಪಾಠವನ್ನು ಹೇಳಬೇಕಾಗಿತ್ತು. ಹೊಸ ಉಪಕರಣವನ್ನು ಕಂಡುಹಿಡಿಯಲು ಅವನು ಹೊರಟಿರಲಿಲ್ಲ. ಪಾಠವನ್ನು ಹುಡುಗರಿಗೆ ತಿಳಿಯುವಂತೆ ಹೇಳುವುದೆಂತು ಎಂದು ಯೋಚಿಸುತ್ತಿದ್ದನು. ಆಗ ಬ್ರ್ಯುಕೆ ಕೇಳಿಕೊಳ್ಳದೆ ಬಿಟ್ಟ ಪ್ರಶ್ನೆಯೊಂದು ಅವನಿಗೆ ಎದುರಾಯಿತು: ಕಣ್ಣಿನಿಂದ ಹಿಂದಿರುಗುವ ಕಿರಣಗಳು ಎಲ್ಲಿಗೆ ಹೋಗಿ ಯಾವ ಬಿಂಬವನ್ನು ಮೂಡಿಸುತ್ತವೆ? ಉತ್ತರ ಸರಳವಾಗಿತ್ತು. ಅವು ಬಂದ ದಾರಿಯನ್ನೇ ಹಿಡಿದು ದೀಪಕ್ಕೆ ಮರಳುತ್ತವೆ. ಒಳಗನ್ನು ನೋಡಬೇಕಾದರೆ ನೋಡುವವನ ಕಣ್ಣು ದೀಪವಿರುವ ಜಾಗದಲ್ಲಿಯೇ ಇರಬೇಕು. ಅಲ್ಲಿ ತಲೆಯಿಟ್ಟರೆ ದೀಪಕ್ಕೆ ಮರೆ. ದೀಪವನ್ನಿಟ್ಟರೆ ತಲೆಗೆ ಎಡೆಯಿಲ್ಲ. ಆದುದರಿಂದ ಎದುರಿನ ಪಾಪೆಯಲ್ಲಿ ನಮಗೆ ಕಾಣುವ ಕಪ್ಪು, ನಮ್ಮದೇ ಪಾಪೆಯ ಕಪ್ಪು.

ಈ ತೊಡಕನ್ನು ಅವನು ಬಿಡಿಸಿದ ರೀತಿ ಬಹಳ ಅಂದವಾದುದು. ದೀಪವನ್ನು ಪಕ್ಕಕ್ಕಿರಿಸಿದನು. ತೆಳುಗಾಜಿನ ಬಿಲ್ಲೆಗಳನ್ನು ನಡುವೆ ಓರೆಯಾಗಿ ನಿಲ್ಲಿಸಿದನು. ದೀಪದ ಬೆಳಕು ಗಾಜಿಗೆ ತಾಗಿ ತಿರುಗಿ ಎದುರಿನವನ ಕಣ್ಣಿಗೆ ಹೋಗುತ್ತದೆ. ಒಳಗಿನಿಂದ ಹಿಂದಿರುಗುವಾಗ ಒಂದು ಪಾಲು ಗಾಜನ್ನು ತೂರಿ ನೋಡುವವನನ್ನು ಸೇರುತ್ತದೆ. ಬಿಂಬ ಸ್ಫುಟವಾಗಲು ಒಂದು ನಿಮ್ನ ಮಸೂರ. ಕನ್ನಡಕದ ಗಾಜು, ಸೂಕ್ಷ್ಮದರ್ಶಕಕ್ಕೆ ಬಳಸುವ ಗಾಜಿನ ಬಿಲ್ಲೆ, ರಟ್ಟು, ಗೋಂದು, ಇಷ್ಟೇ ಸಾಮಗ್ರಿ. ಮೊದಮೊದಲು ಏನೂ ಸರಿಯಾಗಿ ಕಾಣಲಿಲ್ಲ. ಕಾಣಲೇಬೇಕೆಂದು ಲೆಕ್ಕ ಹೇಳುತ್ತಿದ್ದುದರಿಂದ ಬಿಡದೆ ಹೆಣಗಿದನು. ಸುಮಾರು ಒಂದು ವಾರದ ಕೊನೆಗೆ, ಬದುಕಿರುವ ಮನುಷ್ಯನ ಅಕ್ಷಿಪಟಲವು ಸ್ಪಷ್ಟವಾಗಿ ಅವನ ಕಣ್ಣಿಗೆ ಬಿದ್ದಿತು: ಕೆಂಗಿತ್ತಳೆಯ ನೆಲ, ಅದರಲ್ಲಿ ಹುಣ್ಣಿಮೆಯ ಚಂದ್ರನಂತೆ ನರದ ಬಿಳಿಯ ಬಿಲ್ಲೆ, ಅಲ್ಲಿಂದ ನಾಲ್ಕೂ ಕಡೆಗೆ ಕವಲೊಡೆದು ಹರಿಯುವ ರಕ್ತನಾಳಗಳು.

ಡಿಸೆಂಬರಿನಲ್ಲಿ ಬರ್ಲಿನ್ನಿನ ಭೌತಶಾಸ್ತ್ರ ಸಂಘಕ್ಕೆ ಸುದ್ದಿ ಮುಟ್ಟಿತು. ಅದೇ ತಿಂಗಳು ತಂದೆಗೂ ಕಾಗದ ಬರೆದನು. ಇದಕ್ಕೆ ಬೇಕಾದದ್ದು ತಾನು ಶಾಲೆಯಲ್ಲಿ ಕಲಿತ ಬೆಳಕಿನ ಪಾಠಕ್ಕಿಂತ ಹೆಚ್ಚೇನಲ್ಲವೆಂದೂ, ತಾನೂ ಸೇರಿ ಎಲ್ಲರೂ ಇಷ್ಟು ಕಾಲ ಮಂಕಾಗಿದ್ದುದು ನಗೆಪಾಟಲೆಂದೂ ಅದರಲ್ಲಿ ತಿಳಿಸಿದನು. ಇದನ್ನು ಆಕಸ್ಮಿಕ ಶೋಧವೆಂದು ಕರೆಯುವವರಿದ್ದಾರೆ. ನಾನು ಒಪ್ಪಲಾರೆ. ಹತ್ತು ವರ್ಷ ಹೇಳಿದ ಪಾಠವನ್ನು ಹಳೆಯ ಟಿಪ್ಪಣಿಯಿಂದಲೇ ಹನ್ನೊಂದನೆಯ ವರ್ಷವೂ ಹೇಳುವ ನಮ್ಮಂಥವರಿಗೆ ಅಂಥ ಆಕಸ್ಮಿಕ ಒದಗುವುದಿಲ್ಲ.

1851ರಲ್ಲಿ ಉಪಕರಣದ ವರ್ಣನೆಯನ್ನು ಪುಸ್ತಕವಾಗಿ ಅಚ್ಚು ಹಾಕಿಸಿದನು. ಕೆಲವು ವೈದ್ಯರು ಮೂಗು ಮುರಿದರು. ಬೇನೆಯ ಕಣ್ಣಿಗೆ ಬೆಳಕನ್ನು ನೇರವಾಗಿ ಬಿಡುವುದು ಅಪಾಯವೆಂದರು. ದೃಷ್ಟಿ ಮಂದವಾದ ವೈದ್ಯರಿಗೆ ಬೇಕಾದರೆ ಇರಲಿ, ತಮಗೆ ಬೇಡವೆಂದರು. ಬರ್ಲಿನ್ನಿನ ಅಲ್ಬ್ರೆಕ್ಟ್ ಗ್ರೇಫೆ ಎಂಬ ಯುವಕ ವೈದ್ಯನು ಮಾತ್ರ ಅದನ್ನು ತರಿಸಿಕೊಂಡು ಹಗಲಿರುಳು ನೋಡತೊಡಗಿದನು. ಅದುವರೆಗೆ ಕಣ್ಣು ಹೊರಗಿನಿಂದ ನೆಟ್ಟಗೆ ಕಂಡು ದೃಷ್ಟಿ ಮಾತ್ರ ಹೋಗಿದ್ದರೆ, ಅದಕ್ಕೆ ಒಂದು ಗ್ರೀಕು ಹೆಸರಿಟ್ಟು ಕೈಚೆಲ್ಲುವುದೇ ವಾಡಿಕೆಯಾಗಿದ್ದಿತು. ಆ ಒಂದು ಹೆಸರಿನ ಹಿಂದೆ ಅಡಗಿದ್ದ ಹತ್ತಾರು ರೋಗಗಳನ್ನು ಗ್ರೇಫೆ ಮತ್ತು ಅವನ ಸಂಗಡಿಗರು ಬೇರೆಬೇರೆಯಾಗಿ ಗುರುತಿಸಿದರು.

ಇಲ್ಲಿಂದ ನನ್ನ ಕಥೆಗೂ ಹಾದಿಯಿದೆ. ಲಂಡನ್ನಿನ ರಿಚರ್ಡ್ ಬ್ರೈಟ್ ಎಂಬ ವೈದ್ಯನು 1827ರಲ್ಲಿಯೇ ಮೂತ್ರಪಿಂಡದ ಒಂದು ರೋಗವನ್ನು ವಿವರಿಸಿ, ಬಳಿಕ ಅಂಥವರಲ್ಲಿ ಕೆಲವರಿಗೆ ದೃಷ್ಟಿ ಹೋಗುವುದನ್ನೂ ಬರೆದಿದ್ದನು. ಏಕೆ ಹೋಗುವುದೆಂದು ನೋಡುವ ಸಾಧನ ಅವನ ಕಾಲಕ್ಕಿರಲಿಲ್ಲ. ಕೋನಿಗ್ಸ್‌ಬರ್ಗಿನಲ್ಲಿ ಹುಟ್ಟಿ ಗ್ರೇಫೆಯ ಸಹಾಯಕನಾದ ರಿಚರ್ಡ್ ಲೀಬ್ರೈಕ್ 1859ರಲ್ಲಿ ಅದೇ ರೋಗಿಗಳ ಕಣ್ಣಿನೊಳಗೆ ಬಿಳಿಯ ಚುಕ್ಕೆಗಳನ್ನೂ ರಕ್ತದ ಕಲೆಗಳನ್ನೂ ಕಂಡನು. ಮೂತ್ರಪಿಂಡದ ದೋಷವೇ ಕಣ್ಣಿಗೆ ಏರಿತೆಂದು ಆಗ ತಿಳಿದರು. ರಕ್ತದ ಒತ್ತಡವೇ ನಾಳಗಳನ್ನು ಹೀಗೆ ಹಾಳುಗೆಡಹಬಲ್ಲುದೆಂಬ ತಿಳಿವಳಿಕೆ ನಿಧಾನವಾಗಿ ಬಂದಿತು. 1890ರ ದಶಕದಲ್ಲಿ ಲಂಡನ್ನಿನ ಮಾರ್ಕಸ್ ಗನ್ ಎಂಬವನು, ಬಿರುಸಾದ ಅಪಧಮನಿಯು ಅಭಿಧಮನಿಯನ್ನು ಹಾಯುವೆಡೆಯಲ್ಲಿ ಅದುಮಿದಂತೆ ಕಾಣುವುದನ್ನು ವಿವರಿಸಿದನು. ನನ್ನ ವೈದ್ಯರು ಕಂಡದ್ದು ಅದನ್ನೇ.

ಮೈಯಲ್ಲಿ ಕೊಯ್ಯದೆ ಬಿಡಿಸದೆ ರಕ್ತನಾಳವನ್ನು ಬರಿದಾಗಿ ನೋಡಬಹುದಾದ ಸ್ಥಳ ಇದೊಂದೇ. ಮೂತ್ರಪಿಂಡದಲ್ಲಿ, ಮಿದುಳಿನಲ್ಲಿ ನಡೆಯುತ್ತಿರುವುದಕ್ಕೂ ಇಲ್ಲಿಯದೇ ಸಾಕ್ಷಿ. ಅಮೆರಿಕದ ಕೀತ್, ವ್ಯಾಗನರ್, ಬಾರ್ಕರ್ ಎಂಬವರು 1939ರಲ್ಲಿ ಈ ಸಾಕ್ಷಿಯನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿದರು. ಮೊದಲ ದರ್ಜೆಯವರಲ್ಲಿ ಮೂರು ವರ್ಷಗಳ ತರುವಾಯ ನೂರಕ್ಕೆ 70 ಜನ ಬದುಕಿದ್ದರು. ನಾಲ್ಕನೆಯದರಲ್ಲಿ 6 ಜನ. ರಕ್ತದ ಕಲೆಗಳು ಕಾಣಿಸಿಕೊಂಡ ಮೂರನೆಯ ದರ್ಜೆಯಲ್ಲಿ 22. ನನ್ನದು ಮೂರನೆಯದು. ಆ ಲೆಕ್ಕ ಔಷಧವಿಲ್ಲದ ಕಾಲದ್ದು, 1950ರ ದಶಕದಿಂದೀಚೆಗೆ ಬಂದ ಮದ್ದುಗಳು ಅದನ್ನು ಬದಲಿಸಿವೆ ಎಂದು ವೈದ್ಯರು ಹೇಳಿದರು. ಆದರೂ ಆ ರಾತ್ರಿ 22 ಎಂಬ ಅಂಕಿಯೊಡನೆಯೇ ಮಲಗಿದೆ.

ರಕ್ತವನ್ನೂ ಪರೀಕ್ಷೆಗೆ ಕಳುಹಿಸಿದ್ದರು. ಕೆಂಪು ರಕ್ತಕಣಗಳೊಳಗೆ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವವಿರುತ್ತದೆ. ಒತ್ತಡ ಮಿತಿಮೀರಿ ಸಣ್ಣ ನಾಳಗಳ ಒಳಮೈ ಹರಿದಿದ್ದರೆ, ಅಲ್ಲಿ ತೂರಿ ಹೋಗುವ ಕಣಗಳು ಮುಳ್ಳುಬೇಲಿಗೆ ಸಿಕ್ಕ ಬಟ್ಟೆಯಂತೆ ಚಿಂದಿಯಾಗಿ ಆ ಕಿಣ್ವವು ರಕ್ತದ ನೀರಿಗೆ ಸೋರುತ್ತದೆ. ಹೃದಯಕ್ಕೋ ಯಕೃತ್ತಿಗೋ ಪೆಟ್ಟಾದರೂ ಅದು ಏರಬಹುದಾದ್ದರಿಂದ ಅದೊಂದನ್ನೇ ನಂಬುವಂತಿಲ್ಲ. ಕಣ್ಣಿನ ಸಾಕ್ಷಿಯೊಡನೆ ಕೂಡಿಸಿ ಓದಬೇಕು. ನನ್ನ ರಕ್ತದಲ್ಲಿ ಅದು ಮಿತಿಯೊಳಗಿದ್ದಿತು. ಒಂದು ಅಂಕಿ ಇಷ್ಟು ನೆಮ್ಮದಿ ಕೊಡಬಲ್ಲುದೆಂದು ಪರೀಕ್ಷೆಗಳಲ್ಲಿ ಅಂಕ ಹಾಕುವವನಾದ ನನಗೆ ಹಿಂದೆ ಹೊಳೆದಿರಲಿಲ್ಲ.

ಹೆಲ್ಮ್‌ಹೋಲ್ಟ್ಸನು ಈ ರೋಗಗಳ ಹಿಂದೆ ಹೋಗಲಿಲ್ಲ. ಅವನು ಕಣ್ಣಿನ ಮಸೂರದತ್ತ ತಿರುಗಿದನು. ಹತ್ತಿರದ್ದನ್ನು ನೋಡುವಾಗ ಕಣ್ಣಿನೊಳಗಿನ ಸ್ನಾಯು ಬಿಗಿದು, ಮಸೂರವನ್ನು ಎಳೆದು ಹಿಡಿದ ಎಳೆಗಳು ಸಡಿಲಾಗಿ, ಮಸೂರ ಉಬ್ಬುತ್ತದೆ ಎಂದು 1855ರಲ್ಲಿ ತೋರಿಸಿದನು. ವಯಸ್ಸಾದಂತೆ ಮಸೂರ ಪೆಡಸಾಗಿ ಉಬ್ಬಲಾರದೆ ಹೋಗುತ್ತದೆ. ಅದೇ ನಮ್ಮ ಚಾಳೀಸು. ಬಾನ್, ಬಳಿಕ 1858ರಲ್ಲಿ ಹೈಡಲ್‌ಬರ್ಗ್. 1856ರಿಂದ 1866ರವರೆಗೆ ಮೂರು ಭಾಗಗಳಲ್ಲಿ ದೃಷ್ಟಿಶಾಸ್ತ್ರದ ಮಹಾಗ್ರಂಥ. 1863ರಲ್ಲಿ ನಾದಗ್ರಹಣದ ಗ್ರಂಥ. ಕಣ್ಣಿಗೆ ಇಷ್ಟು ದುಡಿದವನು ಅದನ್ನು ಹೊಗಳಲಿಲ್ಲ. ಇಷ್ಟು ದೋಷಗಳಿರುವ ಉಪಕರಣವನ್ನು ಯಾರಾದರೂ ಮಾರಲು ತಂದರೆ ಬೈದು ಹಿಂದಿರುಗಿಸಬೇಕು ಎಂಬ ಅರ್ಥದ ಮಾತನ್ನು ಸಭೆಯಲ್ಲಿ ಆಡಿದನು. ಕಮಲ, ಮೀನು, ಚಕೋರಗಳಲ್ಲಿ ಕಣ್ಣನ್ನು ಕಂಡ ನಮ್ಮ ಕವಿಗಳು ಕೇಳಿದ್ದರೆ ಬೇಸರಪಡುತ್ತಿದ್ದರು.

ಮನೆಯಲ್ಲಿ ಸುಖ ನಿಲ್ಲಲಿಲ್ಲ. ಬಹುಕಾಲ ನರಳಿದ ಓಲ್ಗಾ 1859ರ ಕೊನೆಯ ವಾರದಲ್ಲಿ ತೀರಿಕೊಂಡಳು. ಸಣ್ಣ ಮಕ್ಕಳಿದ್ದರು, 1861ರಲ್ಲಿ ಆನಾ ಎಂಬವಳನ್ನು ಮದುವೆಯಾದನು. 1871ರಲ್ಲಿ, ಬಾಲ್ಯದಲ್ಲಿ ಕೈಗೆಟುಕದೆ ಹೋದ ಭೌತಶಾಸ್ತ್ರಕ್ಕೇ ಪ್ರಾಧ್ಯಾಪಕನಾಗಿ ಬರ್ಲಿನ್ನಿಗೆ ಬಂದನು. ಚಕ್ರವರ್ತಿಯಿಂದ ಕುಲೀನಪದವಿ, ದೇಶದ ಅಳತೆ-ಪರಿಶೋಧನೆಗಳ ಹೊಸ ಸಂಸ್ಥೆಯ ಅಧ್ಯಕ್ಷತೆ, ಎಲ್ಲವೂ ಬಂದುವು. 1889ರಲ್ಲಿ ವಿಜ್ಞಾನಿಯಾಗಿ ಬೆಳೆಯುತ್ತಿದ್ದ ಮಗ ರಾಬರ್ಟ್ ಸತ್ತನು. 1894ರ ಹೊಸವರ್ಷದ ದಿನ, ಮಗನಂತಿದ್ದ ಶಿಷ್ಯ ಹೈನ್‌ರಿಕ್ ಹರ್ಟ್ಸ್ 36ನೆಯ ವಯಸ್ಸಿನಲ್ಲಿ ಹೋದನು. ಅವನ ಕಡೆಯ ಪುಸ್ತಕಕ್ಕೆ ಗುರುವೇ ಮುನ್ನುಡಿ ಬರೆಯಬೇಕಾಯಿತು.

ಇದಕ್ಕೆ ಮುಂಚೆ, 1886ರಲ್ಲಿ, ಹೈಡಲ್‌ಬರ್ಗಿನಲ್ಲಿ ಕಣ್ಣಿನ ವೈದ್ಯರು ಸಭೆ ಸೇರಿ ಗ್ರೇಫೆಯ ಹೆಸರಿನ ಪದಕವನ್ನು ಮೊಟ್ಟಮೊದಲು ಅವನಿಗೆ ಅರ್ಪಿಸಿದರು. ಗ್ರೇಫೆ 1870ರಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿಯೇ ಕಣ್ಮರೆಯಾಗಿದ್ದನು. ಅಂದು ಹೆಲ್ಮ್‌ಹೋಲ್ಟ್ಸನು ಒಂದು ಕಥೆಯನ್ನು ಕಟ್ಟಿ ಹೇಳಿದನು. ಗ್ರೀಸಿನ ಮಹಾಶಿಲ್ಪಿ ಫಿಡಿಯಾಸನ ಕಾಲದವರೆಗೂ ಅಮೃತಶಿಲೆಯನ್ನು ಕಡೆಯುವಷ್ಟು ಗಟ್ಟಿಯಾದ ಉಳಿ ಇರಲಿಲ್ಲವೆಂದುಕೊಳ್ಳೋಣ. ಒಬ್ಬ ಕಮ್ಮಾರ ಅಂಥ ಉಳಿಯನ್ನು ಮಾಡಿಕೊಡುತ್ತಾನೆ. ಫಿಡಿಯಾಸ್ ದೇವತಾವಿಗ್ರಹಗಳನ್ನು ಕೆತ್ತುತ್ತಾನೆ. ಜನರು ಕಮ್ಮಾರನನ್ನೂ ಮೆರೆಸುತ್ತಾರೆ. ವಿವೇಕಿಯಾದ ಕಮ್ಮಾರನಾದರೆ, ಉಳಿ ನನ್ನದು, ವಿಗ್ರಹ ನನ್ನದಲ್ಲ ಎಂದುಕೊಂಡಾನು. ದೊಡ್ಡವರ ವಿನಯವನ್ನು ನಾನು ಸಾಮಾನ್ಯವಾಗಿ ಅಷ್ಟು ನಂಬುವವನಲ್ಲ. ಇದನ್ನು ಮಾತ್ರ ನಂಬುತ್ತೇನೆ. ಕಣ್ಣಿನ ಒಳಗೋಡೆಯ ಬರಹವನ್ನು ಓದಿದವರು ಬೇರೆಯವರೇ ಎಂಬುದು ಸತ್ಯ. ಅವನು ಕೊಟ್ಟದ್ದು ದೀಪ.

1893ರಲ್ಲಿ ಅಮೆರಿಕದ ಷಿಕಾಗೋ ನಗರದ ಮಹಾಪ್ರದರ್ಶನಕ್ಕೆ ಹೋಗಿ ಹಿಂದಿರುಗುವಾಗ ಹಡಗಿನ ಮೆಟ್ಟಿಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡನು. ಬಹಳ ರಕ್ತ ಹೋಯಿತು. ಆಮೇಲೆ ಮೊದಲಿನ ಕಸುವು ಬರಲಿಲ್ಲ. 1894ರ ಜುಲೈ 12ರಂದು ಮಿದುಳಿನಲ್ಲಿ ರಕ್ತಸ್ರಾವವಾಗಿ ಪಾರ್ಶ್ವವಾಯು ಬಡಿಯಿತು. ಎಂಟು ವಾರ ಮಲಗಿದ್ದು, ಸೆಪ್ಟೆಂಬರ್ 8ರಂದು ಷಾರ್ಲಟೆನ್‌ಬರ್ಗಿನಲ್ಲಿ, 73ನೆಯ ವಯಸ್ಸಿನಲ್ಲಿ ತೀರಿಕೊಂಡನು. ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡವನ್ನು ಅಳೆಯುವ ಸಾಧನವನ್ನು ಇಟಲಿಯ ರೀವಾ-ರೊಚ್ಚಿ ಪ್ರಕಟಿಸಿದ್ದು 1896ರಲ್ಲಿ. ಒತ್ತಡವನ್ನು ಏರಿಸುವ ಸರಣಿಗೆ ಮೊದಲಾದ ರೆನಿನ್ ಎಂಬ ಕಿಣ್ವವನ್ನು ಸ್ಟಾಕ್‌ಹೋಮಿನಲ್ಲಿ ಟಿಗರ್‌ಸ್ಟೆಡ್ ಎಂಬವನು ಮೊಲದ ಮೂತ್ರಪಿಂಡದಲ್ಲಿ ಕಂಡದ್ದು 1898ರಲ್ಲಿ. ಎರಡೂ ಅವನು ಹೋದ ಮೇಲಿನ ಮಾತು.

ಮೊನ್ನೆ ಮತ್ತೆ ಪರೀಕ್ಷೆಗೆ ಹೋಗಿದ್ದೆ. ಆರು ತಿಂಗಳು ಉಪ್ಪಿನಕಾಯಿ, ಹಪ್ಪಳ ಬಿಟ್ಟು, ಗುಳಿಗೆ ತಪ್ಪಿಸದೆ ನುಂಗಿದವನು, ಫಲಿತಾಂಶದ ದಿನದ ವಿದ್ಯಾರ್ಥಿಯಂತೆ ಕುಳಿತಿದ್ದೆ. ವೈದ್ಯರು ದೀಪವನ್ನು ಹತ್ತಿರ ತಂದು ಅತ್ತಿತ್ತ ಆಡಿಸಿದರು. ಆಗ ನನ್ನೆದುರಿನ ಕತ್ತಲಲ್ಲಿ ಎಲೆಯುದುರಿದ ಮರವೊಂದು ಕೊಂಬೆ ಕೊಂಬೆಯಾಗಿ ಕ್ಷಣಕಾಲ ಮೂಡಿ ಮಾಯವಾಯಿತು. ಕೇಳಿದಾಗ, ಅದು ನನ್ನದೇ ಕಣ್ಣಿನ ರಕ್ತನಾಳಗಳ ನೆರಳೆಂದರು. ಪುರ್ಕಿನ್ಯೆ ಎಂಬ ಬೊಹೀಮಿಯದ ವಿಜ್ಞಾನಿ ಮೊದಲು ಅದನ್ನು ವರ್ಣಿಸಿದನಂತೆ, ಹೆಲ್ಮ್‌ಹೋಲ್ಟ್ಸನ ಮಹಾಗ್ರಂಥದಲ್ಲಿಯೂ ಅದರ ವಿಚಾರವಿದೆ. ಕಲೆಗಳೆರಡೂ ಕರಗಿವೆ ಎಂದು ಆಕೆ ಚೀಟಿಯಲ್ಲಿ ಬರೆದರು. ನಾನು ಇನ್ನೊಮ್ಮೆ ಆ ಮರವನ್ನು ನೋಡಬೇಕೆಂದು ಕೇಳಿಕೊಂಡೆ. ಹೊರಗೆ ಸಾಲಿನಲ್ಲಿ ಬಹಳ ಜನ ಕಾದಿದ್ದರೂ ಆಕೆ ನಕ್ಕು ಮತ್ತೆ ದೀಪವನ್ನು ಎತ್ತಿ ಹಿಡಿದರು.